ಎಂಜಿನಿಯರಿಂಗ್ ಓದು ಮತ್ತು ಉದ್ಯೋಗದಾತರ ನಿರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಅವರ ತಂದೆತಾಯಿಯರು, ಪಾಠ ಮಾಡುವವರು, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು, ಹೀಗೆ ನಾಲ್ಕೂ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ ಬೇಕಾಯಿತು, ಕೆಲವಕ್ಕೆ ನಾಲ್ಕು ಮಾತು ಸಾಕಾದವು. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಪಠ್ಯಕ್ರಮಕ್ಕೆ ಹೊಸ ವಿಷಯಗಳನ್ನು ತುರುಕುವುದರಿಂದ ಓದಿಗೂ ಕೆಲಸಕ್ಕೂ ನಡುವಿನ ಕಂದಕ ಮುಚ್ಚುವುದಿಲ್ಲ. ಪ್ರಶ್ನೆಪತ್ರಿಕೆ ಬದಲಾದರೆ ಅರ್ಧದಷ್ಟಾದರೂ ಮುಚ್ಚೀತು.

ಕಾಲೇಜು ಕಲಿಸುವುದೇ ಒಂದು, ಕಂಪನಿ ಕೇಳುವುದೇ ಇನ್ನೊಂದು ಎನ್ನುತ್ತಾರೆ. ಇದು ಈಚಿನ ಸಮಸ್ಯೆಯೇ?

ಅಲ್ಲ. ಈ ದೂರಿಗೆ ನೂರು ವರ್ಷ ದಾಟಿದೆ. ಅಮೆರಿಕದ ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಚಾರ್ಲ್ಸ್ ರಿಬೊರ್ಗ್ ಮ್ಯಾನ್ ಎಂಬ ಭೌತವಿಜ್ಞಾನಿ 1918ರಲ್ಲಿ ಎಂಜಿನಿಯರಿಂಗ್ ಶಿಕ್ಷಣದ ಕುರಿತು ಒಂದು ವರದಿ ಸಿದ್ಧಪಡಿಸಿದರು. ಒಳ್ಳೆಯ ಎಂಜಿನಿಯರನಲ್ಲಿ ಯಾವ ಗುಣ ಎಷ್ಟು ಮುಖ್ಯ ಎಂದು ವೃತ್ತಿಯಲ್ಲಿದ್ದ ಎಂಜಿನಿಯರುಗಳನ್ನೇ ಕೇಳಿದರು. ಅವರ ಉತ್ತರದಲ್ಲಿ ನಡತೆ ಮೊದಲು ಬಂತು, ವಿವೇಚನೆ ಆಮೇಲೆ. ನಂತರ ಕಾರ್ಯದಕ್ಷತೆ, ಜನರನ್ನು ಅರಿಯುವ ಶಕ್ತಿ, ಜ್ಞಾನ. ತಾಂತ್ರಿಕ ಕೈಚಳಕಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಇಂದು ಯಾವುದೇ ಉದ್ಯಮ ಸಮ್ಮೇಳನದಲ್ಲಿ ಕೇಳಿಬರುವ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಟ ನಡೆಯಿತು. ಎರಡನೇ ಮಹಾಯುದ್ಧದಲ್ಲಿ ರೇಡಾರ್‌ನಂತಹ ಹೊಸ ತಂತ್ರಗಳು ಬಂದಾಗ, ಅವುಗಳ ಹಿಂದಿನ ಭೌತವಿಜ್ಞಾನ ಎಂಜಿನಿಯರುಗಳಿಗೆ ಸಾಕಷ್ಟು ತಿಳಿದಿಲ್ಲ ಎಂಬ ಕೊರಗು ಎದ್ದಿತು. ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣದ ಕುರಿತ 1955ರ ಗ್ರಿಂಟರ್ ವರದಿ ಗಣಿತ, ಮೂಲವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಜ್ಞಾನಗಳನ್ನು ಗಟ್ಟಿಗೊಳಿಸಿ ಎಂದಿತು. ಕಾಲೇಜುಗಳು ಹಾಗೆಯೇ ಮಾಡಿದವು; ಅದಕ್ಕೆ ಜಾಗ ಮಾಡಿಕೊಡಲು ವರ್ಕ್‌ಶಾಪ್ ಮತ್ತು ಡ್ರಾಯಿಂಗ್ ತರಗತಿಗಳು ಸೊರಗಿದವು. ಕೆಲವು ದಶಕಗಳು ಕಳೆಯುವಷ್ಟರಲ್ಲಿ, ಹುಡುಗರಿಗೆ ಸಮೀಕರಣ ಬಿಡಿಸಲು ಬರುತ್ತದೆ, ಏನನ್ನೂ ಕಟ್ಟಲು ಬರುವುದಿಲ್ಲ ಎಂದು ಅದೇ ಉದ್ಯಮ ಗೊಣಗತೊಡಗಿತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾನ್ಯತಾ ಸಂಸ್ಥೆ ಎಬೆಟ್ ತನ್ನ ಮಾನದಂಡಗಳನ್ನೇ ತಿರುಗಿಸಿ ಹಾಕಿತು. ಯಾವ ವಿಷಯವನ್ನು ಎಷ್ಟು ಗಂಟೆ ಕಲಿಸಿದಿರಿ ಎಂದು ಕೇಳುವುದನ್ನು ಬಿಟ್ಟು, ಪದವಿ ಪಡೆದವನಿಗೆ ಏನು ಮಾಡಲು ಬರುತ್ತದೆ ಎಂದು ಕೇಳತೊಡಗಿತು.

ಇಂತಿಷ್ಟು ಶೇಕಡಾ ಪದವೀಧರರು ಕೆಲಸಕ್ಕೆ ಯೋಗ್ಯರಲ್ಲ ಎಂಬ ಅಂಕಿಗಳನ್ನು ನಂಬಬಹುದೇ?

ಅಳೆದವರು ಯಾರು, ಯಾವ ಕೆಲಸಕ್ಕೆ ಅಳೆದರು, ಪಾಸಿನ ಗೆರೆಯನ್ನು ಎಲ್ಲಿ ಎಳೆದರು ಎಂದು ಕೇಳಿ. ಅಳೆದವರೇ ತರಬೇತಿಯನ್ನೂ ಮಾರುತ್ತಿದ್ದರೆ ಇನ್ನೊಮ್ಮೆ ಕೇಳಿ.

ಹಾಗಾದರೆ ಉದ್ಯೋಗದಾತರಿಗೆ ನಿಜವಾಗಿ ಬೇಕಾಗಿರುವುದೇನು?

ಜಾಹೀರಾತಿನಲ್ಲಿ ಒಂದು ಬರೆಯುತ್ತಾರೆ, ಸಂದರ್ಶನದಲ್ಲಿ ಇನ್ನೊಂದು ಕೇಳುತ್ತಾರೆ, ಆರು ತಿಂಗಳ ನಂತರ ಹೊಸಬನ ಬಗ್ಗೆ ದೂರುವಾಗ ಮೂರನೆಯದನ್ನು ಹೇಳುತ್ತಾರೆ. ನಂಬಬೇಕಾದದ್ದು ಮೂರನೆಯದನ್ನು.

ಜಾಹೀರಾತಿನಲ್ಲಿ ಸಾಫ್ಟ್‌ವೇರ್‌ಗಳ ಹೆಸರುಗಳೇ ಸಾಲುಗಟ್ಟಿರುತ್ತವೆ. ಬಂದ ಸಾವಿರಾರು ಅರ್ಜಿಗಳನ್ನು ಜರಡಿ ಹಿಡಿಯಲು ಅದು ಸುಲಭದ ದಾರಿ, ಅಷ್ಟೇ. ಸಂದರ್ಶನದಲ್ಲಿ ಒಗಟು, ಅಲ್ಗಾರಿದಂ, ವ್ಯಾಖ್ಯೆ. ಆರು ತಿಂಗಳ ನಂತರ ತಂಡದ ಮುಖ್ಯಸ್ಥರನ್ನು ಕೇಳಿ ನೋಡಿ. ಇಂಥ ಸಾಫ್ಟ್‌ವೇರ್ ಬರುವುದಿಲ್ಲ ಎಂಬ ದೂರು ಅಪರೂಪ. "ಎರಡು ದಿನ ಸಿಕ್ಕಿಹಾಕಿಕೊಂಡಿದ್ದ, ಯಾರನ್ನೂ ಕೇಳಲಿಲ್ಲ." "ಉತ್ತರ ತಂದ, ಅದು ಸಾಧ್ಯವೇ ಇಲ್ಲದ ಸಂಖ್ಯೆ ಎಂದು ಅವನಿಗೆ ಹೊಳೆಯಲಿಲ್ಲ." "ಮುಗಿಯಿತು ಎಂದಳು, ಪರೀಕ್ಷಿಸಿಯೇ ಇರಲಿಲ್ಲ." "ಬರೆದ ವರದಿ ಯಾರಿಗೂ ಅರ್ಥವಾಗಲಿಲ್ಲ." ಇಂತಹ ಮಾತುಗಳೇ ಹೆಚ್ಚು.

ಇವು ಯಾವುದಕ್ಕೂ ಹೊಸ ಪಠ್ಯಪುಸ್ತಕ ಬೇಕಿಲ್ಲ. ಆದರೆ ಅರೆಬರೆ ಮಾಹಿತಿಯೊಂದಿಗೆ, ಇನ್ನೊಬ್ಬರು ಕಾಯುತ್ತಿರುವಾಗ, ಒಂದು ಕೆಲಸವನ್ನು ಕೊನೆ ಮುಟ್ಟಿಸಿದ ಅನುಭವ ಬೇಕು. ಅದನ್ನು ಕೊಡುವ ತರಗತಿಗಳು ತೀರಾ ಕಡಿಮೆ.

ಅದಕ್ಕೂ ಪ್ರಶ್ನೆಪತ್ರಿಕೆಗೂ ಏನು ಸಂಬಂಧ?

ವಿದ್ಯಾರ್ಥಿಗಳು ಪರೀಕ್ಷೆಗೆ ಬರುವುದನ್ನು ಕಲಿಯುತ್ತಾರೆ. ಅದು ಸೋಮಾರಿತನವಲ್ಲ, ಲೆಕ್ಕಾಚಾರ. ಹಾಗಾಗಿ ಪರೀಕ್ಷೆಯಲ್ಲಿ ಏನು ಬರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ.

ಸೆಕೆಂಡಿಗೆ 20 ಲೀಟರ್ ನೀರನ್ನು 25 ಮೀಟರ್ ಎತ್ತರಕ್ಕೆ ಏರಿಸಬೇಕು, ಪಂಪಿನ ದಕ್ಷತೆ ಶೇ. 70, ಬೇಕಾಗುವ ಶಕ್ತಿ ಎಷ್ಟು? ಇದು ಪ್ರಶ್ನೆ. ನೀರಿನ ಸಾಂದ್ರತೆ, ಗುರುತ್ವ ವೇಗೋತ್ಕರ್ಷ, ಹರಿವು, ಎತ್ತರ ನಾಲ್ಕನ್ನೂ ಗುಣಿಸಿದರೆ 4,905 ವ್ಯಾಟ್. ಅದನ್ನು 0.7ರಿಂದ ಭಾಗಿಸಿದರೆ ಸುಮಾರು 7 ಕಿಲೋವ್ಯಾಟ್. ಪೂರ್ತಿ ಅಂಕ.

ಕೆಲಸದಲ್ಲಿ ಇದೇ ವಿಷಯ ಎದುರಾಗುವ ರೀತಿ ಬೇರೆ. "ಮೇಲಿನ ಟ್ಯಾಂಕಿಗೆ ನೀರು ಸರಿಯಾಗಿ ಏರುತ್ತಿಲ್ಲ, ಏನಾಗಿದೆ ನೋಡಿ" ಎಂದು ಯಾರೋ ಹೇಳುತ್ತಾರೆ. ಸರಿಯಾಗಿ ಎಂದರೆ ಎಷ್ಟು? ಯಾರೂ ಅಳೆದಿರುವುದಿಲ್ಲ. 25 ಮೀಟರ್ ಎಂಬುದು ಬರೀ ಎತ್ತರವೋ, ಪೈಪಿನ ಘರ್ಷಣೆಯನ್ನೂ ಸೇರಿಸಿ ಹೇಳಿದ್ದೋ? ಘರ್ಷಣೆಯ ನಷ್ಟ ಹರಿವಿನ ವರ್ಗಕ್ಕೆ ಹತ್ತಿರದಲ್ಲಿ ಏರುತ್ತದೆ. ಹರಿವು ಎರಡು ಪಟ್ಟಾದರೆ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟು. ಪ್ರಶ್ನೆಯಲ್ಲಿ ದಾನವಾಗಿ ಬಂದ ಆ ಶೇ. 70 ದಕ್ಷತೆ, ಹರಿವಿನೊಂದಿಗೆ ದಕ್ಷತೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ತಯಾರಕರ ವಕ್ರರೇಖೆಯ ಒಂದು ಬಿಂದುವಿನಲ್ಲಿ ಮಾತ್ರ ಇರುತ್ತದೆ, ನಿಮ್ಮ ಪಂಪು ಆ ಬಿಂದುವಿನಲ್ಲಿ ಓಡುತ್ತಿರಬೇಕೆಂದೇನೂ ಇಲ್ಲ. ಹತ್ತಿರ ಹೋದರೆ ಒಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಕೇಳಿಸುತ್ತದೆಯೇ? ಹಾಗಿದ್ದರೆ ಹೀರುವ ಬದಿಯಲ್ಲಿ ಒತ್ತಡ ಸಾಲದೆ ನೀರು ಆವಿಯಾಗಿ ಗುಳ್ಳೆಗಳು ಒಡೆಯುತ್ತಿರಬಹುದು. ಆಗ ದೊಡ್ಡ ಮೋಟಾರು ಹಾಕಿದರೂ ತೊಂದರೆ ನೀಗುವುದಿಲ್ಲ. ಹೊಸ ಮೋಟಾರು ಬೇಕೆಂದೇ ಆದರೂ 7 ಕಿಲೋವ್ಯಾಟಿನದು ಸಿಗುವುದಿಲ್ಲ. ಸಿಗುವ ಅಳತೆ 7.5, ಅದರ ಮೇಲಿನದು 11. ಯಾವುದನ್ನು ಆರಿಸುತ್ತೀರಿ, ಏಕೆ? ಇಷ್ಟೆಲ್ಲ ಆದ ಮೇಲೆ, ದುರಸ್ತಿಗೆ ಬಂದವರು ಒಂದು ವಾಲ್ವನ್ನು ಅರ್ಧ ತೆರೆದು ಮರೆತು ಹೋಗಿದ್ದರು ಎಂದೂ ತಿಳಿದುಬರಬಹುದು.

ಭೌತವಿಜ್ಞಾನ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬ ನಿರ್ಧಾರವನ್ನು ಪ್ರಶ್ನೆಪತ್ರಿಕೆ ತಯಾರಿಸಿದವರೇ ಮಾಡಿಟ್ಟಿದ್ದಾರೆ. ಉದ್ಯೋಗದಾತರು ಸಂಬಳ ಕೊಡುವುದು ಆ ನಿರ್ಧಾರಕ್ಕೆ.

ಪರೀಕ್ಷೆಯಲ್ಲಿ ಇದನ್ನು ತರಲು ಸಾಧ್ಯ. ಪಂಪಿನ ವಕ್ರರೇಖೆಯ ಹಾಳೆ ಕೊಡಿ, ಪೈಪಿನ ನಕ್ಷೆ ಕೊಡಿ, ಒಂದು ಅಳತೆಯನ್ನು ಬೇಕೆಂದೇ ಬಿಡಿ, ಒಂದು ಅನಗತ್ಯ ಮಾಹಿತಿ ಸೇರಿಸಿ. ಪುಸ್ತಕ ತೆರೆದಿಟ್ಟುಕೊಳ್ಳಲಿ. ಯಾವ ಮಾಹಿತಿ ಸಾಲದು, ಅದನ್ನು ಯಾರಿಂದ ಪಡೆಯುತ್ತೀರಿ, ಸಿಗದಿದ್ದರೆ ಏನೆಂದು ಊಹಿಸುತ್ತೀರಿ, ಆ ಊಹೆ ತಪ್ಪಾದರೆ ಉತ್ತರ ಎಷ್ಟು ಕೆಡುತ್ತದೆ ಎಂದು ಕೇಳಿ. ಇಂತಹ ಉತ್ತರಪತ್ರಿಕೆಯನ್ನು ತಿದ್ದಲು ಹೊತ್ತು ಹಿಡಿಯುತ್ತದೆ, ಇಬ್ಬರು ತಿದ್ದಿದರೆ ಅಂಕ ಬೇರೆಯಾಗಬಹುದು, ಮರುಮೌಲ್ಯಮಾಪನದ ತಕರಾರು ಬರುತ್ತದೆ. ಪ್ರಶ್ನೆಪತ್ರಿಕೆ ಬದಲಾಗದೆ ಉಳಿಯಲು ದೊಡ್ಡ ಕಾರಣ ಇದು. ಸಿದ್ಧಾಂತದ ಮಾತೆಲ್ಲ ಆಮೇಲಿನದು.

ಗಣಿತ, ಮೂಲವಿಜ್ಞಾನ ಕಡಿಮೆ ಮಾಡಿ ಉದ್ಯಮದಲ್ಲಿ ಬಳಸುವ ಸಾಫ್ಟ್‌ವೇರ್ ಕಲಿಸಿದರೆ ಆಗದೇ?

ಬೇಡ. ಸಾಫ್ಟ್‌ವೇರನ್ನು ಕೆಲವು ವಾರಗಳಲ್ಲಿ ಕಲಿಯಬಹುದು, ಕೆಲವು ವರ್ಷಗಳಲ್ಲಿ ಅದು ಹಳತಾಗುತ್ತದೆ. ಅದರ ಉತ್ತರವನ್ನು ಅನುಮಾನಿಸುವ ಶಕ್ತಿ ಬರುವುದು ಮೂಲ ವಿಷಯಗಳಿಂದ.

ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯನ್ನೇ ತೆಗೆದುಕೊಳ್ಳಿ. ಒಂದು ಭಾಗವನ್ನು ಮೆಶ್ ಎಂಬ ಸಣ್ಣ ತುಣುಕುಗಳ ಬಲೆಯಾಗಿ ಒಡೆದು, ಎಲ್ಲಿ ಎಷ್ಟು ಸ್ಟ್ರೆಸ್ (ಒಳಗಿನ ಒತ್ತಡ) ಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ ಅದು. ಚೂಪಾದ ಒಳಮೂಲೆಯಿರುವ ಒಂದು ಬ್ರಾಕೆಟ್. ಭಾರ ಹಾಕಿದಾಗ ಮೂಲೆಯಲ್ಲಿ ಕೆಂಪು ಬಣ್ಣ, ಪಕ್ಕದಲ್ಲಿ ಗರಿಷ್ಠ ಸ್ಟ್ರೆಸ್ಸಿನ ಸಂಖ್ಯೆ. ಹೊಸಬ ಆ ಸಂಖ್ಯೆಯನ್ನು ವರದಿಗೆ ಇಳಿಸುತ್ತಾನೆ. ಮೇಲಿನವರು ಮೆಶ್ ಇನ್ನಷ್ಟು ಸಣ್ಣದು ಮಾಡಿ ಎನ್ನುತ್ತಾರೆ, ಸಂಖ್ಯೆ ಏರುತ್ತದೆ. ಮತ್ತೆ ಸಣ್ಣದು ಮಾಡಿದರೆ ಮತ್ತೆ ಏರುತ್ತದೆ. ಹೀಗೆ ಎಷ್ಟು ಸಲ ಮಾಡಿದರೂ ಅದು ನಿಲ್ಲುವುದಿಲ್ಲ, ಏಕೆಂದರೆ ರೇಖೀಯ ಸ್ಥಿತಿಸ್ಥಾಪಕತೆಯ ಸಿದ್ಧಾಂತದ ಪ್ರಕಾರ ಅಂತಹ ಮೂಲೆಯಲ್ಲಿ ಸ್ಟ್ರೆಸ್ ಅನಂತ. ಕಂಪ್ಯೂಟರು ಸುಳ್ಳು ಹೇಳುತ್ತಿಲ್ಲ, ನಾವು ಕೇಳಿದ ಪ್ರಶ್ನೆಯೇ ತಪ್ಪು. ಸಿದ್ಧಾಂತ ಗೊತ್ತಿದ್ದವಳು ಮೂಲೆಗೆ ನಿಜವಾದ ಭಾಗದಲ್ಲಿರುವ ದುಂಡನ್ನು ಕೊಟ್ಟು ಮತ್ತೆ ಲೆಕ್ಕ ಹಾಕುತ್ತಾಳೆ. ಬಟನ್ನುಗಳನ್ನು ಮಾತ್ರ ಕಲಿತವನು ವಾರವಿಡೀ ಮೆಶ್ ಸಣ್ಣದು ಮಾಡುತ್ತಾ ಕೂರುತ್ತಾನೆ.

ಹಾಗೆಂದು ಒಂದು ಸಾಧನವನ್ನೂ ಮುಟ್ಟಿಸದೆ ಪದವಿ ಕೊಡುವುದೂ ಸರಿಯಲ್ಲ. ಒಂದನ್ನು ಆಳವಾಗಿ ಕಲಿತವರಿಗೆ ಎರಡನೆಯದು ಸಲೀಸು. ಆರನ್ನು ಮೇಲೆ ಮೇಲೆ ನೋಡಿದವರಿಗೆ ಏಳನೆಯದೂ ಅಷ್ಟಕ್ಕಷ್ಟೇ.

ಸಂವಹನ ಕೌಶಲ ಎಂದರೆ ಚೆನ್ನಾಗಿ ಇಂಗ್ಲಿಷ್ ಮಾತನಾಡುವುದೇ?

ಈ ತಪ್ಪು ಕಲ್ಪನೆಯಿಂದ ಬಹಳ ಹಾನಿಯಾಗಿದೆ. ಎಂಜಿನಿಯರಿಗೆ ಸಂವಹನ ಎಂದರೆ, ತನಗೆ ಗೊತ್ತಿರುವ ಅಪಾಯ ಅಥವಾ ಬದಲಾವಣೆ ಅದನ್ನು ತಿಳಿಯಬೇಕಾದವರ ಕಡತದೊಳಕ್ಕೆ ಹೋಗುವಂತೆ ನೋಡಿಕೊಳ್ಳುವುದು. ಯಾವ ಭಾಷೆಯಲ್ಲಾದರೂ ಸರಿ.

1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಮಂದಿ ಸತ್ತರು. ಮೊದಲ ವಿನ್ಯಾಸದಲ್ಲಿ ಮೇಲಿನ ಹಾದಿಯೂ ಅದರ ಕೆಳಗಿನದೂ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಕಂಬಿಗಳಿಗೆ ತೂಗುತ್ತಿದ್ದವು. ತಯಾರಿಕೆಗೆ ತೊಡಕೆಂದು ಆ ಕಂಬಿಗಳನ್ನು ಎರಡು ತುಂಡು ಮಾಡಲಾಯಿತು: ಒಂದು ಚಾವಣಿಯಿಂದ ಮೇಲಿನ ಹಾದಿಗೆ, ಇನ್ನೊಂದು ಮೇಲಿನ ಹಾದಿಯಿಂದ ಕೆಳಗಿನದಕ್ಕೆ. ನಕ್ಷೆಯಲ್ಲಿ ಸಣ್ಣ ಬದಲಾವಣೆ. ಆದರೆ ಈಗ ಕೆಳಗಿನ ಹಾದಿಯ ಭಾರವೂ ಮೇಲಿನ ಹಾದಿಯ ಜೋಡಣೆಯ ಮೇಲೆ ಬಿತ್ತು. ಆ ಜೋಡಣೆ ಹೊರಬೇಕಾದ ಭಾರ ಎರಡು ಪಟ್ಟಾಯಿತು. ಮೊದಲ ವಿನ್ಯಾಸವೇ ನಿಯಮ ಕೇಳುವಷ್ಟು ಗಟ್ಟಿಯಾಗಿರಲಿಲ್ಲ ಎಂಬುದು ತನಿಖೆಯಲ್ಲಿ ತಿಳಿಯಿತು. ಬದಲಾದ ಜೋಡಣೆಯನ್ನು ಯಾರೂ ಮತ್ತೆ ಲೆಕ್ಕ ಹಾಕಿರಲಿಲ್ಲ. ಆ ಲೆಕ್ಕ ಎರಡನೇ ವರ್ಷದ ವಿದ್ಯಾರ್ಥಿಗೂ ಬರುತ್ತದೆ.

ಇನ್ನೊಂದು 1999ರದು. ಮಂಗಳ ಗ್ರಹಕ್ಕೆ ಹೊರಟಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್-ಫೋರ್ಸ್ ಸೆಕೆಂಡು ಎಂಬ ಏಕಮಾನದಲ್ಲಿ ಸಂಖ್ಯೆ ಕೊಟ್ಟಿತು. ಅದನ್ನು ಪಡೆದ ಕಡೆಯಲ್ಲಿ ನ್ಯೂಟನ್ ಸೆಕೆಂಡು ಎಂಬ ಬೇರೆ ಏಕಮಾನದ್ದೆಂದು ಓದಿಕೊಂಡರು. ನಾಲ್ಕೂವರೆ ಪಟ್ಟಿನ ಹತ್ತಿರ ವ್ಯತ್ಯಾಸ, ನೌಕೆ ಕಳೆದುಹೋಯಿತು. ದಾರಿ ತಪ್ಪುತ್ತಿದೆ ಎಂಬ ಶಂಕೆ ಕೆಲವರಿಗೆ ಮೊದಲೇ ಬಂದಿತ್ತು, ಆದರೆ ಅದು ವಿಧಿವತ್ತಾಗಿ ಮೇಲಕ್ಕೆ ಹೋಗಲಿಲ್ಲ. ಸಂವಹನದ ತರಗತಿಯಲ್ಲಿ ಸ್ವಪರಿಚಯ ಭಾಷಣ ಮಾಡಿಸುವ ಬದಲು ಇಂತಹ ಪ್ರಕರಣ ಕೊಟ್ಟು, "ನೀವು ಅಲ್ಲಿದ್ದಿದ್ದರೆ ಯಾರಿಗೆ, ಏನೆಂದು ಪತ್ರ ಬರೆಯುತ್ತಿದ್ದಿರಿ? ಹತ್ತು ಸಾಲು ಮೀರಬಾರದು" ಎಂದರೆ ಸಾಕು.

ಇಂಟರ್ನ್‌ಶಿಪ್ ಕಡ್ಡಾಯ ಮಾಡಿದರೆ ಎಲ್ಲವೂ ಸರಿಹೋಗುತ್ತದಲ್ಲವೇ?

ಕಡ್ಡಾಯ ಮಾಡಿದರೆ ಪ್ರಮಾಣಪತ್ರ ಸಿಗುವುದು ಖಚಿತ, ಕಲಿಕೆ ಖಚಿತವಲ್ಲ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ 1906ರಲ್ಲೇ ಒಂದು ತಂಡ ಕಾರ್ಖಾನೆಯಲ್ಲಿದ್ದಾಗ ಇನ್ನೊಂದು ತಂಡ ತರಗತಿಯಲ್ಲಿರುವಂತೆ ಓದು ಮತ್ತು ಕೆಲಸವನ್ನು ಹೆಣೆದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಇದೇ ಬಗೆಯ ಪದ್ಧತಿಯೊಂದಿಗೇ ಶುರುವಾಯಿತು. ಇಂತಹ ಕಡೆ ಅದು ಫಲ ಕೊಡಲು ಕಾರಣ, ವಿದ್ಯಾರ್ಥಿ ಮತ್ತೆ ಮತ್ತೆ ಹೋಗಿ ಬರುತ್ತಾನೆ. ಮೊದಲ ಸಲ ಕೆಲಸದಲ್ಲಿ ಕಂಡದ್ದನ್ನು ಮುಂದಿನ ಸೆಮಿಸ್ಟರಿನ ಪಾಠದಲ್ಲಿ ಗುರುತಿಸುತ್ತಾನೆ, ಎರಡನೇ ಸಲ ಹೆಚ್ಚಿನ ಹೊಣೆಯ ಕೆಲಸ ಸಿಗುತ್ತದೆ.

ಕೊನೆಯ ಸೆಮಿಸ್ಟರಿನಲ್ಲಿ ಒಂದೇ ಸಲ, ಕೆಲವು ವಾರ ಕಾಟಾಚಾರಕ್ಕೆ ಮೂಲೆಯ ಮೇಜಿನಲ್ಲಿ ಕೂರಿಸಿ ಸಹಿ ಹಾಕಿ ಕಳಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮೊದಲು ವಿದ್ಯಾರ್ಥಿ ಒಂದೇ ಪ್ರಶ್ನೆ ಕೇಳಲಿ: ನಾನು ಮಾಡಿದ ಕೆಲಸವನ್ನು ಆಮೇಲೆ ಯಾರು ಬಳಸುತ್ತಾರೆ? ಉತ್ತರದಲ್ಲಿ ಯಾರದೋ ಹೆಸರು ಬಂದರೆ ಹೋಗಬಹುದು.

ಕೊನೆಯ ವರ್ಷದ ಪ್ರಾಜೆಕ್ಟ್ ಇದೆಯಲ್ಲ? ಅದೇ ಅನುಭವ ಕೊಡುವುದಿಲ್ಲವೇ?

ಕೊಡಬೇಕು. ಹಲವು ಕಡೆ ಅದನ್ನು ಹೊರಗಿನಿಂದ ಕೊಂಡು ತರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಅದೂ ಕೊನೆಯಲ್ಲಿ, ಏನನ್ನಾದರೂ ಕಟ್ಟು ಎಂದರೆ ಕೊಂಡು ತಾರದೆ ಇನ್ನೇನು ಮಾಡುತ್ತಾರೆ?

ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಆರಂಭವಾದಾಗಿನಿಂದಲೂ ಸಮಸ್ಯೆ ಹಿಡಿದು ತಂಡವಾಗಿ ಕಲಿಯುವ ಪದ್ಧತಿ ಇಟ್ಟುಕೊಂಡಿದೆ. ಅಲ್ಲಿ ಪ್ರಾಜೆಕ್ಟು ಮೊದಲ ವರ್ಷದಿಂದಲೇ ಬರುತ್ತದೆ. 2000ದ ಹೊತ್ತಿಗೆ ಅಮೆರಿಕದ ಎಂಐಟಿ ಮತ್ತು ಸ್ವೀಡನ್ನಿನ ಮೂರು ವಿಶ್ವವಿದ್ಯಾಲಯಗಳು ಸೇರಿ ಸಿಡಿಐಒ ಎಂಬ ಚೌಕಟ್ಟು ರೂಪಿಸಿದವು. ಪರಿಕಲ್ಪನೆ, ವಿನ್ಯಾಸ, ನಿರ್ಮಾಣ, ನಿರ್ವಹಣೆ ಈ ನಾಲ್ಕನ್ನೂ ವಿದ್ಯಾರ್ಥಿ ಓದಿನ ಕಾಲದಲ್ಲೇ ಮಾಡಿರಬೇಕು ಎಂಬುದು ಅದರ ತಿರುಳು. ನನ್ನ ಮಟ್ಟಿಗೆ ನಾಲ್ಕನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಎಲ್ಲರೂ ಕೈಬಿಡುವುದೂ ಅದನ್ನೇ. ಪ್ರದರ್ಶನದ ದಿನ ಹತ್ತು ನಿಮಿಷ ಓಡಿದ ಯಂತ್ರವನ್ನು ಒಂದು ತಿಂಗಳು ಓಡಿಸಿ ನೋಡಿ. ಕನೆಕ್ಟರ್ ಸಡಿಲವಾಗುತ್ತದೆ, ಧೂಳು ಕೂರುತ್ತದೆ, ಮೆಮೊರಿ ತುಂಬುತ್ತದೆ, ಕಟ್ಟಿದವನು ಊರಿಗೆ ಹೋದಾಗಲೇ ಅದು ಕೆಡುತ್ತದೆ. ಆಗ ಇನ್ನೊಬ್ಬಳು ಅವನು ಬರೆದಿಟ್ಟ ಟಿಪ್ಪಣಿ ಓದಿ ಸರಿಪಡಿಸಬೇಕು. ಟಿಪ್ಪಣಿ ಹೇಗೆ ಬರೆಯಬೇಕು ಎಂಬುದನ್ನು ಅವನು ಆವತ್ತು ಕಲಿಯುತ್ತಾನೆ.

ಮಾನ್ಯತೆ ಪಡೆದ ಕಾಲೇಜು ಎಂದರೆ ಕೌಶಲಕ್ಕೆ ಖಾತರಿಯೇ?

ಕನಿಷ್ಠ ಮಟ್ಟಕ್ಕೆ ಒಂದು ಆಧಾರ. 1989ರಲ್ಲಿ ಆರು ದೇಶಗಳ ಮಾನ್ಯತಾ ಸಂಸ್ಥೆಗಳು ಸಹಿ ಹಾಕಿದ ವಾಷಿಂಗ್ಟನ್ ಒಪ್ಪಂದದ ಮೂಲಕ ಒಂದು ದೇಶದ ಮಾನ್ಯ ಪದವಿಯನ್ನು ಇನ್ನೊಂದು ದೇಶ ಸರಿಸಮವೆಂದು ಒಪ್ಪುತ್ತದೆ. ಈಗ ಸದಸ್ಯರು ಅದಕ್ಕಿಂತ ಬಹಳ ಹೆಚ್ಚು. ಪದವೀಧರರಲ್ಲಿ ಇರಬೇಕಾದ ಗುಣಗಳ ಪಟ್ಟಿಯೂ ಅದರೊಂದಿಗಿದೆ, ಚೆನ್ನಾಗಿಯೇ ಇದೆ. ತೊಡಕು ಬರುವುದು ಕೆಳಗೆ ಇಳಿದಾಗ. ಯಾವ ಪಾಠದಿಂದ ಯಾವ ಗುಣ ಎಷ್ಟು ಬೆಳೆಯಿತು ಎಂದು ಚೌಕಗಳಲ್ಲಿ 1, 2, 3 ತುಂಬುತ್ತಾ ಅಧ್ಯಾಪಕರ ರಜೆ ಕಳೆಯುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಒಳ್ಳೆಯ ಪ್ರಶ್ನೆ ತಯಾರಿಸಬಹುದಿತ್ತು.

ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರಗಳಿಂದ ಉಪಯೋಗವಿದೆಯೇ?

ಕಲಿತರೆ ಇದೆ. ಅರ್ಜಿಯಲ್ಲಿ ಹನ್ನೆರಡು ಪ್ರಮಾಣಪತ್ರ ಕಂಡರೆ ನಾನು ಒಂದನ್ನೂ ಓದುವುದಿಲ್ಲ.

ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವ ಕಾಲದಲ್ಲಿ ಇದನ್ನೆಲ್ಲ ಕಲಿತು ಏನು ಪ್ರಯೋಜನ?

ಬರೆಯುವ ಶ್ರಮ ಇಳಿದಷ್ಟೂ ಪರಿಶೀಲಿಸುವ ಹೊಣೆ ಏರುತ್ತದೆ. ತಾಪಮಾನದ ಸೆನ್ಸರಿನ ದಿನದ ಸರಾಸರಿ ತೆಗೆಯುವ ಪ್ರೋಗ್ರಾಂ ಬೇಕು ಎಂದುಕೊಳ್ಳಿ. ಕೃತಕ ಬುದ್ಧಿಮತ್ತೆಯ ಉಪಕರಣ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ, ಅದು ಓಡುತ್ತದೆ, ಅಂದವಾಗಿಯೂ ಇರುತ್ತದೆ. ಆದರೆ ಈ ಸೆನ್ಸರ್ ಕೆಟ್ಟಾಗ ಸುಮ್ಮನಿರದೆ -999 ಎಂದು ಕಳಿಸುತ್ತದೆ ಎಂಬುದನ್ನು ನೀವು ಹೇಳದಿದ್ದರೆ ಅದಕ್ಕೆ ತಿಳಿಯುವ ಬಗೆ ಹೇಗೆ? ಹತ್ತು ಸೆಕೆಂಡಿಗೊಮ್ಮೆ ಅಳೆಯುವ ಸೆನ್ಸರಿನಿಂದ ದಿನಕ್ಕೆ ಹತ್ತು ಸಲ -999 ಬಂದರೂ ಸರಾಸರಿ ಒಂದೆರಡು ಡಿಗ್ರಿಯಷ್ಟೇ ಇಳಿಯಬಹುದು, ನೋಡಿದವರಿಗೆ ಅನುಮಾನವೂ ಬಾರದು. ಸೆನ್ಸರಿನ ಮಾಹಿತಿ ಹಾಳೆ ಓದಿದವರು, ಬರೀ ಅಂಕಿಗಳ ಸಾಲನ್ನು ಕಣ್ಣಾಡಿಸುವ ಅಭ್ಯಾಸವಿದ್ದವರು ಮಾತ್ರ ಇದನ್ನು ಹಿಡಿಯುತ್ತಾರೆ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎನ್ನುವ ಗಾದೆಯಲ್ಲಿ ಓದಿನ ಆ ಒಕ್ಕಾಲನ್ನೂ ಬಿಟ್ಟುಕೊಡುವಂತಿಲ್ಲ.

ಕಂಪನಿಗಳಿಗೆ ಹೊಣೆ ಇಲ್ಲವೇ?

ಇದೆ, ಅದನ್ನು ಅವು ಕಾಲೇಜಿನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿವೆ. ಹೊಸಬನಿಗೆ ಮೊದಲ ವರ್ಷ ಕಲಿಸುವುದು ಒಂದು ಕಾಲದಲ್ಲಿ ಉದ್ಯೋಗದಾತರದೇ ಖರ್ಚಾಗಿತ್ತು. ಈಗ ಕಲಿಸಿದವನು ಬೇರೆಡೆಗೆ ಹಾರುತ್ತಾನೆ ಎಂದು ಕಲಿಸುವುದಿಲ್ಲ. ಕಲಿಸದ ಕಡೆ ಬೆಳವಣಿಗೆ ಕಾಣದೆ ಅವನೂ ಹಾರುತ್ತಾನೆ. ತಮ್ಮ ಕಂಪನಿಯ ಒಳಗಿನ ಸಾಧನ, ತಮ್ಮದೇ ನಿಯಮಾವಳಿ, ತಮ್ಮ ಯಂತ್ರದ ವರ್ತನೆ ಇವನ್ನು ಯಾವ ಕಾಲೇಜೂ ಕಲಿಸಲಾರದು, ಕಲಿಸಬೇಕಾಗಿಯೂ ಇಲ್ಲ.

ಜರ್ಮನಿಯಲ್ಲಿ ಕಂಪನಿ ಮತ್ತು ಕಾಲೇಜು ಒಬ್ಬ ವಿದ್ಯಾರ್ಥಿಯನ್ನು ಹಂಚಿಕೊಂಡು ಓದಿಸುವ ಪದ್ಧತಿ ಇದೆ. ಅಲ್ಲಿ ಕಂಪನಿ ಓದುವ ಕಾಲದಲ್ಲೇ ಸಂಬಳ ಕೊಡುತ್ತದೆ, ಆದ್ದರಿಂದ ಪಾಠದ ಬಗ್ಗೆ ಮಾತನಾಡಲು ಅದಕ್ಕೆ ಹಕ್ಕೂ ಇದೆ. ಉಳಿದ ಕಡೆ, ಪಠ್ಯಕ್ರಮ ಸಮಿತಿಯಲ್ಲಿ ವರ್ಷಕ್ಕೊಮ್ಮೆ ಕೂತು ಇತ್ತೀಚಿನ ತಂತ್ರಜ್ಞಾನದ ಹೆಸರು ಹೇಳಿ ಎದ್ದುಹೋಗುವ ಪ್ರತಿನಿಧಿಗಿಂತ, ಹಳೆಯ ವಿಫಲ ಭಾಗಗಳನ್ನು, ತಿದ್ದಿದ ನಕ್ಷೆಗಳನ್ನು, ಗುಟ್ಟಿನ ವಿವರ ತೆಗೆದ ದತ್ತಾಂಶವನ್ನು ತರಗತಿಗೆ ಕೊಡುವ ಕಂಪನಿ ಹೆಚ್ಚು ಉಪಕಾರಿ.

ನಾನು ಅಧ್ಯಾಪಕ. ಉದ್ಯಮದ ಅನುಭವ ಇಲ್ಲ. ಪಠ್ಯಕ್ರಮ ನನ್ನ ಕೈಯಲ್ಲೂ ಇಲ್ಲ. ಏನು ಮಾಡಲಿ?

ಆಂತರಿಕ ಮೌಲ್ಯಮಾಪನ ನಿಮ್ಮ ಕೈಯಲ್ಲಿದೆ, ಲ್ಯಾಬೂ ಇದೆ. ಲ್ಯಾಬ್ ಕೈಪಿಡಿಯಿಂದ ಒಂದೇ ಒಂದು ಪ್ರಯೋಗದ ಹಂತಗಳನ್ನು ಅಳಿಸಿ, ಗುರಿಯನ್ನು ಮಾತ್ರ ಬಿಡಿ. ಹಿಂದಿನ ಬ್ಯಾಚಿನ ಅಂಕಿಗಳನ್ನು ನಕಲು ಮಾಡಿದ ದಾಖಲೆ ಪುಸ್ತಕಕ್ಕಿಂತ, ತಪ್ಪು ಫಲಿತಾಂಶ ಬಂದು ಅದಕ್ಕೆ ಕಾರಣ ಹುಡುಕಿದ ದಾಖಲೆಗೆ ಹೆಚ್ಚು ಅಂಕ ಕೊಡಿ. ಮೊದಲ ಸೆಮಿಸ್ಟರ್ ಗೊಂದಲವಾಗುತ್ತದೆ, ವಿದ್ಯಾರ್ಥಿಗಳೂ ದೂರುತ್ತಾರೆ.

ನಾನು ಕೊನೆಯ ವರ್ಷದಲ್ಲಿದ್ದೇನೆ. ಇಷ್ಟು ತಡವಾಗಿ ಏನು ಮಾಡಬಹುದು?

ನಿಮ್ಮ ಶಾಖೆಯ ಎರಡು ಮೂಲ ವಿಷಯಗಳನ್ನು ಆರಿಸಿ ಮೊದಲ ಪುಟದಿಂದ ಓದಿ. ಸಂದರ್ಶನದಲ್ಲಿ ಜಾರುವುದು ಹೆಚ್ಚಾಗಿ ಅಲ್ಲೇ. ಮಾಡಿದ ಯಾವುದೇ ಲೆಕ್ಕದ ಕೊನೆಗೆ, ಈ ಉತ್ತರ ಸಾಧ್ಯವೇ ಎಂದು ಅಂದಾಜಿನಿಂದ ತಾಳೆ ನೋಡುವ ರೂಢಿ ಮಾಡಿಕೊಳ್ಳಿ. ಬಳಸುವ ಸಾಧನಗಳಲ್ಲಿ ಒಂದನ್ನು ಮಾತ್ರ ಆಳವಾಗಿ ಕಲಿಯಿರಿ. ಸಣ್ಣದಾದರೂ ಸರಿ, ಇನ್ನೊಬ್ಬರು ನಿಜವಾಗಿ ಬಳಸುವ ಏನನ್ನಾದರೂ ಕಟ್ಟಿ ಅವರ ದೂರು ಕೇಳಿಸಿಕೊಳ್ಳಿ: ವಿಭಾಗದ ಗ್ರಂಥಾಲಯದ ಪುಸ್ತಕ ಪಟ್ಟಿ, ಲ್ಯಾಬಿನ ಕೆಟ್ಟ ಉಪಕರಣದ ದುರಸ್ತಿ, ಏನಾದರೂ ಆದೀತು.

ಅರ್ಜಿಯಲ್ಲಿ ಅದನ್ನು ಬರೆಯುವಾಗ "ತಂಡದ ಸದಸ್ಯನಾಗಿ ಪ್ರಾಜೆಕ್ಟ್‌ನಲ್ಲಿ ಭಾಗವಹಿಸಿದೆ" ಎನ್ನಬೇಡಿ. ಏನು ಕೆಟ್ಟಿತ್ತು, ನೀವು ಏನನ್ನು ಅಳೆದಿರಿ, ಏನು ಬದಲಿಸಿದಿರಿ, ಬದಲಿಸಿದ ಮೇಲೆ ಅಳತೆ ಎಷ್ಟು ಬಂತು, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ. ಸಂದರ್ಶಕರು ಮೊದಲು ಅದನ್ನೇ ಕೇಳುತ್ತಾರೆ, ಮತ್ತು ಆ ವಿಷಯದಲ್ಲಿ ಅವರಿಗಿಂತ ನಿಮಗೇ ಹೆಚ್ಚು ಗೊತ್ತಿರುತ್ತದೆ.